ಬೇಸಿಗೆಯಲ್ಲಿ ಮೊಲಗಳನ್ನು ಊರಿನ ಮನೆಗೆ ತರಬೇಕು, ಮಳೆಗಾಲದವರೆಗೆ ತಾತ್ಕಾಲಿಕ ಗೂಡು ಹೇಗೆ ಮಾಡಲಿ?

ತಿಪಟೂರು ತೋಟ
ಎಲ್ಲರಿಗೂ ನಮಸ್ಕಾರ. ದೊಡ್ಡಬಳ್ಳಾಪುರದ ಹತ್ತಿರ ಗೆಳೆಯನ ಜೊತೆ ಪಾಲಿನಲ್ಲಿ ಮೊಲ ಸಾಕುತ್ತಿದ್ದೇನೆ. ಶೆಡ್ ಇರುವ ಜಾಗದ ಕರಾರು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅಲ್ಲಿ ಲೇಔಟ್ ಆಗುತ್ತದಂತೆ, ಮುಂದುವರಿಸುವ ಹಾಗಿಲ್ಲ. ನನ್ನ ಪಾಲಿನ ಮೊಲಗಳನ್ನು ತಿಪಟೂರಿನ ಹತ್ತಿರ ಇರುವ ನಮ್ಮ ತೋಟದ ಮನೆಗೆ ತರಬೇಕು. ಹೊಸ ಶೆಡ್ ಮಳೆಗಾಲಕ್ಕೆ ಮುಂಚೆ ಆಗಬಹುದು. ಅಲ್ಲಿವರೆಗೆ ತಾತ್ಕಾಲಿಕ ವ್ಯವಸ್ಥೆ ಮಾಡಬೇಕು.

ಒಟ್ಟು 16 ದೊಡ್ಡ ಮೊಲ. 3 ಗಂಡು, 13 ಹೆಣ್ಣು. ನಾಲ್ಕು ಸೋವಿಯತ್ ಚಿಂಚಿಲ್ಲಾ ತಳಿ, ಉಳಿದದ್ದು ನ್ಯೂಜಿಲೆಂಡ್ ವೈಟ್ ತಳಿ. ಎರಡು ಹೆಣ್ಣು ಗಬ್ಬ ಇವೆ. ಒಂದಕ್ಕೆ ಕ್ರಾಸ್ ಮಾಡಿಸಿ 12 ದಿನ ಆಗಿದೆ, ಇನ್ನೊಂದಕ್ಕೆ 24. ಮತ್ತೊಂದು ತಾಯಿಯ ಹತ್ತಿರ ಹತ್ತು ದಿನದ ಆರು ಮರಿ ಇವೆ.

ಜಾಗ ಮೂರಿದೆ. ಒಂದು, ಹಳೆ ದನದ ಕೊಟ್ಟಿಗೆ. ಮೂರು ಕಡೆ ಗೋಡೆ, ಮೇಲೆ ಸಿಮೆಂಟ್ ಶೀಟು. ಎರಡು, ತೋಟದೊಳಗೆ ತೆಂಗಿನ ಸಾಲಿನ ನಡುವೆ. ಮೂರು, ಮನೆ ಹಿಂದೆ ದೊಡ್ಡ ಹೊಂಗೆ ಮರದ ಕೆಳಗೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನ 35 ಡಿಗ್ರಿ ದಾಟುತ್ತದೆ. ಅದೇ ನನ್ನ ದೊಡ್ಡ ಚಿಂತೆ. ಅನುಭವ ಇರುವವರು ದಯವಿಟ್ಟು ಹೇಳಿ.

ಕೋಲಾರದ ಸಾಕಣೆದಾರ
ಅಣ್ಣಾ, ಗಾಡಿ ಮಾತು ಆಮೇಲೆ. ಮೊದಲು ಗೂಡು ನಿಲ್ಲಿಸಿ. ನೀರು ಹಾಕಿ, ಬಾಗಿಲ ಚಿಲಕ ಎಲ್ಲ ನೋಡಿ, ಮಧ್ಯಾಹ್ನ ಎರಡು ಗಂಟೆಗೆ ಆ ಜಾಗದಲ್ಲಿ ಒಂದು ಥರ್ಮಾಮೀಟರ್ ನೇತು ಹಾಕಿ. ಮೂರೂ ಜಾಗದಲ್ಲಿ ಒಂದೊಂದು ದಿನ ಹೀಗೆ ನೋಡಿ. ಎಲ್ಲಿ ಕಡಿಮೆ ಬರುತ್ತದೋ ಅಲ್ಲೇ ಗೂಡು. ನಮಗೆ ನೀರು ಹತ್ತಿರ, ಕರೆಂಟು ಹತ್ತಿರ ಅಂತ ಜಾಗ ಆರಿಸಿದರೆ ಮೊಲ ಅನುಭವಿಸುತ್ತದೆ.

ಮೊಲಕ್ಕೆ 15ರಿಂದ 25 ಡಿಗ್ರಿ ಹಿತ. 30 ದಾಟಿದರೆ ತಿನ್ನೋದು ಕಡಿಮೆ ಮಾಡುತ್ತದೆ. 35ರಲ್ಲಿ ಗಾಳಿ ಆಡದಿದ್ದರೆ ಸಾಯಲೂಬಹುದು. ಅದಕ್ಕೆ ನಮ್ಮ ಹಾಗೆ ಬೆವರಿ ಮೈ ತಂಪು ಮಾಡಿಕೊಳ್ಳೋಕೆ ಆಗಲ್ಲ. ಕಿವಿಯಿಂದ ಮತ್ತು ಉಸಿರಿನಿಂದಲೇ ಬಿಸಿ ಹೊರಗೆ ಹೋಗಬೇಕು.

ತೆಂಗಿನ ಮರದ ಕೆಳಗೆ ಮಾತ್ರ ಬೇಡ. ನೆರಳು ಚೂರು ಚೂರಾಗಿ ಬೀಳುತ್ತದೆ, ಹೊತ್ತು ತಿರುಗಿದ ಹಾಗೆ ಬಿಸಿಲು ಗೂಡಿಗೆ ನೇರ ಬರುತ್ತದೆ. ಮೇಲಿಂದ ಒಂದು ಕಾಯಿ ಬಿದ್ದರೂ, ಒಣಗಿದ ಗರಿ ಬಿದ್ದರೂ ಗೂಡು ಜಜ್ಜಿ ಹೋಗುತ್ತದೆ.

ಕನಕಪುರ ರೇಷ್ಮೆ
ಹೊಂಗೆ ಮರಕ್ಕೆ ನನ್ನ ಓಟು. ನಮ್ಮ ಕಡೆ ಬೇಸಿಗೆಯಲ್ಲಿ ಜನ, ದನ ಎಲ್ಲ ಸೇರೋದು ಹೊಂಗೆ ಕೆಳಗೇ. ಆದರೆ ಮಾರ್ಚ್‌ನಲ್ಲಿ ಎಲೆ ಉದುರಿ ಚಿಗುರುವ ಸಮಯ, ನಿಮ್ಮ ಮರ ಈಗ ಹೇಗಿದೆ ನೋಡಿಕೊಳ್ಳಿ. ಎಲೆ ತೆಳು ಇದ್ದರೆ ಮೇಲೆ ಒಂದು ಪದರ ಶೇಡ್ ನೆಟ್ ಕಟ್ಟಿ. 75 ಪರ್ಸೆಂಟ್ ಬಿಸಿಲು ತಡೆಯುವಂಥದ್ದು ಸಾಕು. ಗೂಡಿನ ತಲೆಗೆ ತಾಗಿಸಿ ಕಟ್ಟಬೇಡಿ, ನಾಲ್ಕೈದು ಅಡಿ ಮೇಲಿರಲಿ. ತಾಗಿಸಿದರೆ ನೆಟ್‌ನ ಬಿಸಿ ಕೆಳಗೇ ಇಳಿಯುತ್ತದೆ.

ನನ್ನ ಹತ್ತಿರ ರೇಷ್ಮೆ ಹುಳು ಸಾಕುವ ಮನೆ ಖಾಲಿ ಇದ್ದಾಗ ಒಮ್ಮೆ ಮೊಲ ಇಟ್ಟಿದ್ದೆ. ಗಾಳಿ ಚೆನ್ನಾಗಿತ್ತು. ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣಕ್ಕೆ ಅಂತ ಕಟ್ಟಿದ್ದ ನೈಲಾನ್ ಪರದೆಯಿಂದ ನೊಣ, ಸೊಳ್ಳೆ ಕಾಟವೂ ಇರಲಿಲ್ಲ. ಆ ಪರದೆ ನಿಮ್ಮ ಗೂಡಿನ ಸುತ್ತ ಕಟ್ಟಿದರೂ ಒಳ್ಳೆಯದು. ಯಾರಾದರೂ ಹುಳು ಮನೆಯಲ್ಲಿ ಮೊಲ ಇಡೋದಾದರೆ ಒಂದು ಮಾತು. ಸೋಂಕು ನಿವಾರಕ ಹೊಡೆದ ತಕ್ಷಣ ಬಿಡಬೇಡಿ. ಫಾರ್ಮಾಲಿನ್ ವಾಸನೆ, ಬ್ಲೀಚಿಂಗ್ ವಾಸನೆ ಪೂರ್ತಿ ಹೋಗಬೇಕು.

ಹೆಬ್ಬಾಳ ವೆಟ್
ನಾನು ಪಶುವೈದ್ಯೆ. ಗಬ್ಬದ ಮೊಲಗಳ ವಿಷಯ ಮೊದಲು ಹೇಳುತ್ತೇನೆ. ಗರ್ಭ ಸುಮಾರು 31 ದಿನ. 12 ದಿನದ್ದನ್ನು ಎಚ್ಚರದಿಂದ ಸಾಗಿಸಬಹುದು. 24 ದಿನದ್ದನ್ನು ಈಗ ಅಲುಗಾಡಿಸದಿದ್ದರೆ ಒಳ್ಳೆಯದು. ಕೊನೆಯ ವಾರದಲ್ಲಿ ಪ್ರಯಾಣ ಮಾಡಿಸಿದರೆ ಮರಿ ಬೇಗ ಹಾಕಬಹುದು. ಹೊಸ ಜಾಗದಲ್ಲಿ ಗಾಬರಿಯಿಂದ ಮರಿಗಳನ್ನು ಚೆದುರಿಸಬಹುದು, ಒಮ್ಮೊಮ್ಮೆ ತಿಂದೂ ಬಿಡುತ್ತದೆ. ಗೆಳೆಯರ ಮನೆಯಲ್ಲೋ ಪಕ್ಕದ ಸಾಕಣೆದಾರರ ಹತ್ತಿರವೋ ಅದೊಂದನ್ನು, ಅದರದ್ದೇ ಗೂಡಿನ ಸಮೇತ, ಮರಿ ಮೂರು ವಾರದವಾಗುವವರೆಗೆ ಬಿಡಲು ಆಗುತ್ತದಾ ನೋಡಿ. ಆಗದಿದ್ದರೆ ನಾಳೆ ನಾಡಿದ್ದರಲ್ಲೇ ತಂದುಬಿಡಿ, ತಿಂಗಳ ಕೊನೆವರೆಗೆ ಕಾಯಬೇಡಿ. ಹೊಸ ಗೂಡಿನಲ್ಲಿ 27–28ನೇ ದಿನಕ್ಕೆ ಮರಿ ಹಾಕುವ ಪೆಟ್ಟಿಗೆಯನ್ನು ಇಟ್ಟಿರಬೇಕು.

ಹತ್ತು ದಿನದ ಮರಿಗಳು ತಮ್ಮ ಪೆಟ್ಟಿಗೆಯಲ್ಲೇ, ತಾಯಿ ಕಿತ್ತು ಹಾಕಿದ ಕೂದಲಿನ ಒಳಗೇ ಬರಲಿ. ತಾಯಿ ಪಕ್ಕದಲ್ಲಿ ಬೇರೆ ಕ್ರೇಟ್‌ನಲ್ಲಿ. ಒಟ್ಟಿಗೆ ಹಾಕಿದರೆ ಗಾಡಿ ಕುಲುಕಿದಾಗ ತುಳಿಯುತ್ತದೆ. ತಾಯಿ ಮೊಲ ದಿನಕ್ಕೆ ಒಂದು ಸಲ, ಬರೀ ಮೂರು ನಾಲ್ಕು ನಿಮಿಷ ಹಾಲು ಕೊಡುತ್ತದೆ. ಹಾಗಾಗಿ ಕೆಲವು ಗಂಟೆ ಬೇರೆ ಇದ್ದರೆ ಏನೂ ಆಗಲ್ಲ. ಮನೆ ಮುಟ್ಟಿದ ಕೂಡಲೇ ಸೇರಿಸಿ.

ಎರಡು ಮೊಲದ ಮನೆ
ನಾನು ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಎರಡೇ ಮೊಲ ಸಾಕಿದ್ದೇನೆ, ಪ್ರೀತಿಗೆ. ಈಚೆಗೆ ಮನೆ ಬದಲಾಯಿಸಿದೆವು. ಪ್ರಯಾಣಕ್ಕೆ ಮುಂಚೆ ಹೊಟ್ಟೆ ಖಾಲಿ ಇರಲಿ ಅಂತ ಕೆಲವರು ಹೇಳುತ್ತಾರೆ. ಮೊಲಕ್ಕೆ ಅದು ಬೇಡವೇ ಬೇಡ ಅಲ್ವಾ ಡಾಕ್ಟ್ರೇ?

ಹೆಬ್ಬಾಳ ವೆಟ್
ಬೇಡವೇ ಬೇಡ. ಮೊಲಕ್ಕೆ ವಾಂತಿ ಬರುವುದಿಲ್ಲ. ಹೊಟ್ಟೆ ಯಾವಾಗಲೂ ಓಡುತ್ತಿರಬೇಕು. ದಾರಿಯುದ್ದಕ್ಕೂ ಮುಂದೆ ಒಣ ಹುಲ್ಲು ಇರಲಿ. ನೀರಿನ ಬಟ್ಟಲು ಗಾಡಿಯಲ್ಲಿ ಚೆಲ್ಲಿ ಮೈ ಒದ್ದೆ ಮಾಡುತ್ತದೆ. ಅದರ ಬದಲು ಸೌತೆಕಾಯಿ ಹೋಳು ಎರಡು ಇಟ್ಟರೆ ಸಾಕು.

ಕೋಲಾರದ ಸಾಕಣೆದಾರ
ಈಗ ಗಾಡಿ ಮಾತು. ನಮ್ಮ ಕಡೆ ಟೊಮೆಟೊ ಕ್ರೇಟ್ ಎಲ್ಲರ ಮನೆಯಲ್ಲೂ ಇರುತ್ತದೆ. ಮೊಲ ಸಾಗಿಸಲು ಅದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಸುತ್ತ ತೂತು ಇರುತ್ತದೆ, ಗಾಳಿ ಆಡುತ್ತದೆ. ಒಂದು ಕ್ರೇಟ್‌ಗೆ ಒಂದೇ ಮೊಲ. ಮೇಲೆ ಜಾಲರಿ ತುಂಡು ಇಟ್ಟು ಬೈಂಡಿಂಗ್ ವೈರಿನಲ್ಲಿ ಬಿಗಿಯಿರಿ. ಕೆಳಗೆ ಗೋಣಿಚೀಲ, ಅದರ ಮೇಲೆ ಹುಲ್ಲು. ಬರೀ ಪ್ಲಾಸ್ಟಿಕ್ ಮೇಲೆ ಕಾಲು ಜಾರುತ್ತದೆ, ಗಾಬರಿಗೆ ಒದ್ದಾಡಿ ಬೆನ್ನು ಮುರಿದುಕೊಳ್ಳುತ್ತದೆ. ಕ್ರೇಟ್ ಹಿಂದೆ ಔಷಧಿ ಹೊಡೆದ ಹಣ್ಣು ತುಂಬಿದ್ದಾಗಿರುತ್ತದೆ. ಸೋಪು ಹಾಕಿ ತೊಳೆದು ಒಂದು ದಿನ ಬಿಸಿಲಿಗೆ ಒಣಗಿಸಿ.

ಎರಡು ಗಂಡು ಒಂದೇ ಕಡೆ ಹಾಕಲೇಬೇಡಿ. ಕಚ್ಚಾಡಿ ಬೀಜಕ್ಕೇ ಬಾಯಿ ಹಾಕುತ್ತವೆ. ಅಕ್ಕಪಕ್ಕದ ಗೂಡಿನಲ್ಲಿ ಸ್ನೇಹವಾಗಿದ್ದ ಹೆಣ್ಣುಗಳೂ ಒಂದೇ ಕ್ರೇಟ್‌ನಲ್ಲಿ ಜಗಳ ಆಡುತ್ತವೆ. ಎತ್ತುವಾಗ ಕಿವಿ ಹಿಡಿದು ಎತ್ತೋದು ಬೇಡ. ಒಂದು ಕೈ ಎದೆ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ. ಲೋಡಿಂಗ್‌ಗೆ ಬಂದ ಹುಡುಗರಿಗೆ ಇದನ್ನು ಮೊದಲೇ ತೋರಿಸಿಕೊಡಿ.

ಟಾಟಾ ಏಸ್ ಥರದ ಸಣ್ಣ ಲಗೇಜ್ ಗಾಡಿ ಸಾಕು. ಬೆಳಗಿನ ಜಾವ ಮೂರಕ್ಕೆ ಹೊರಟರೆ ಡಾಬಸ್‌ಪೇಟೆ, ತುಮಕೂರು, ಗುಬ್ಬಿ ದಾಟಿ ಬಿಸಿಲೇರುವ ಮುಂಚೆ ತಿಪಟೂರು. ಟಾರ್ಪಾಲು ಮೇಲಕ್ಕೂ ಮುಂದಕ್ಕೂ ಇರಲಿ, ಹಿಂದೆ ತೆರೆದಿರಲಿ. ಪೂರ್ತಿ ಮುಚ್ಚಿದರೆ ಒಳಗೆ ಉಬ್ಬೆ. ಡ್ರೈವರಿಗೆ ಹೇಳಿಬಿಡಿ, ಟೀಗೆ ನಿಲ್ಲಿಸೋದು ಮನೆ ಮುಟ್ಟಿದ ಮೇಲೆ ಅಂತ. ನಿಂತ ಗಾಡಿಯಲ್ಲಿ ಗಾಳಿ ಇರಲ್ಲ.

ಚಿಕ್ಕಮಗಳೂರು ಅಮ್ಮ
ಒಂದೆರಡು ಮೊಲ ತರುವವರು ಬಸ್ಸಿನಲ್ಲೂ ತರಬಹುದು. ಟಿಕೆಟ್ ತಗೊಳ್ಳಬೇಕಾಗುತ್ತದೆ, ಕಂಡಕ್ಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಸಾರಿಗೆ ಬಸ್ಸಿನಲ್ಲಿ ಅಜ್ಜಿ, ಮೊಮ್ಮಗಳು ಒಯ್ಯುತ್ತಿದ್ದ ನಾಲ್ಕು ಲವ್ ಬರ್ಡ್ಸ್‌ಗೆ 444 ರೂಪಾಯಿ ಟಿಕೆಟ್ ಕೊಟ್ಟಿದ್ದು ಎಲ್ಲ ಪೇಪರ್‌ನಲ್ಲೂ ಬಂದಿತ್ತಲ್ಲ. ಆಗ ಹಕ್ಕಿಯೊಂದಕ್ಕೆ ಒಂದು ಮಕ್ಕಳ ಟಿಕೆಟ್ ಲೆಕ್ಕ ಹಾಕಿದ್ದರು.

ತಿಪಟೂರು ತೋಟ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಥರ್ಮಾಮೀಟರ್ ಇಟ್ಟು ನೋಡಿದೆ. ಕೊಟ್ಟಿಗೆ ಒಳಗೆ ಶೀಟಿನ ಬಿಸಿ, ಹೊರಗಿಗಿಂತ ಜಾಸ್ತಿ. ಹೊಂಗೆ ಕೆಳಗೆ ಕಡಿಮೆ. ಮರ ಆಗಲೇ ಚಿಗುರಿದೆ. ಅದೇ ಜಾಗ ಅಂತ ತೀರ್ಮಾನ ಮಾಡಿದೆ. ಈಗ ಗೂಡಿನ ಅಳತೆ ಹೇಳಿ. ಅಲ್ಲಿನ ಗೂಡುಗಳಲ್ಲಿ ಅರ್ಧ ಗೆಳೆಯನವು. ನಾನು ಹೊಸದಾಗಿ ಕೆಲವು ಮಾಡಿಸಬೇಕು. ಕೋಳಿ ಜಾಲರಿ ಮನೆಯಲ್ಲಿ ಬೇಕಾದಷ್ಟಿದೆ, ಅದು ಆಗುತ್ತದಾ?

ಕೋಲಾರದ ಸಾಕಣೆದಾರ
ಕೋಳಿ ಜಾಲರಿ ಬೇಡ ಅಣ್ಣಾ. ನೆಲಕ್ಕೆ ಹಾಕಿದರೆ ಜೋತು ಬೀಳುತ್ತದೆ, ಪಾದ ಕೊಯ್ಯುತ್ತದೆ. ಪಕ್ಕಕ್ಕೆ ಹಾಕಿದರೆ ಬೀದಿ ನಾಯಿ ಒಂದೇ ಎಳೆತಕ್ಕೆ ಹರಿಯುತ್ತದೆ. ವೆಲ್ಡ್ ಮೆಶ್, ಅಂದರೆ ಬೆಸೆದ ಗಟ್ಟಿ ತಂತಿ ಜಾಲರಿ ತಗೊಳ್ಳಿ. ನೆಲಕ್ಕೆ ಒಂದು ಇಂಚು ಉದ್ದ, ಅರ್ಧ ಇಂಚು ಅಗಲದ ಕಣ್ಣು, ತಂತಿ ದಪ್ಪ 14 ಗೇಜ್. ಪಕ್ಕಕ್ಕೆ ಒಂದು ಇಂಚು ಚೌಕ. ದೊಡ್ಡ ಮೊಲ ಒಂದಕ್ಕೆ ಎರಡಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಎತ್ತರ. ಮರಿ ಇರುವ ತಾಯಿಗೆ ಎರಡೂವರೆ ಅಡಿ ಉದ್ದ. ನೆಲದಿಂದ ಎರಡೂವರೆ, ಮೂರಡಿ ಮೇಲೆ ನಿಲ್ಲಿಸಿ. ತಾತ್ಕಾಲಿಕ ಅಲ್ವಾ, ಹಾಲೋ ಬ್ಲಾಕ್ ಜೋಡಿಸಿ ಮೇಲೆ ಎರಡು ಜಿಐ ಪೈಪ್ ಹಾಕಿ ಅದರ ಮೇಲೆ ಗೂಡಿಡಿ. ಹೊಸ ಶೆಡ್ ಆದಮೇಲೆ ಗೂಡು ಹಾಗೇ ಎತ್ತಿಕೊಂಡು ಹೋಗಬಹುದು.

ಒಂದೇ ಸಾಲು ಇರಲಿ. ಮೂರು ಮಹಡಿ ಮಾಡೋಕೆ ಹೋಗಬೇಡಿ, ಮೇಲಿನದರ ಉಚ್ಚೆ ಕೆಳಗಿನದರ ಮೇಲೆ ಬೀಳುತ್ತದೆ.

ಎರಡು ಮೊಲದ ಮನೆ
ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳಲೇಬೇಕು. ಇಡೀ ದಿನ ತಂತಿ ಮೇಲೆ ನಿಲ್ಲೋದು ಮೊಲಕ್ಕೆ ಹಿಂಸೆ. ನಾಯಿ, ಬೆಕ್ಕಿನ ಹಾಗೆ ಪಾದದಲ್ಲಿ ಮೆತ್ತೆ ಇರಲ್ಲ, ಬರೀ ಕೂದಲು. ಎರಡಡಿ ಗೂಡಿನಲ್ಲಿ ಅದು ಒಂದು ನೆಗೆತ ಕೂಡ ನೆಗೆಯೋಕೆ ಆಗಲ್ಲ. ಕೊಟ್ಟಿಗೆ ನೆಲದಲ್ಲಿ ಹುಲ್ಲು ಹಾಸಿ ಬಿಡಬಾರದಾ?

ಕೋಲಾರದ ಸಾಕಣೆದಾರ
ಅಕ್ಕಾ, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ 16 ಮೊಲ ನೆಲದಲ್ಲಿ ಬಿಟ್ಟರೆ ಬಿಲ ತೋಡುತ್ತವೆ, ಹೆಣ್ಣುಗಳು ಕಚ್ಚಾಡುತ್ತವೆ, ಯಾವುದು ಯಾವಾಗ ಗಬ್ಬ ಆಯ್ತು ಗೊತ್ತಾಗಲ್ಲ. ಹಿಕ್ಕೆ ಮೇಲೆ ಓಡಾಡಿ, ಅದು ತಾಗಿದ ಹುಲ್ಲು ತಿಂದು ಕಾಕ್ಸಿಡಿಯೋಸಿಸ್ ಅನ್ನುವ ಕರುಳಿನ ರೋಗ ಬರುತ್ತದೆ. ಮರಿಗಳು ಬೇಧಿ ಆಗಿ ಒಂದರ ಹಿಂದೆ ಒಂದು ಹೋಗುತ್ತವೆ. ಅದನ್ನು ಕಣ್ಣಾರೆ ನೋಡಿದ ಮೇಲೆ ನಾನು ನೆಲಕ್ಕೆ ಬಿಡುವ ಮಾತೇ ಆಡಲ್ಲ.

ಹೆಬ್ಬಾಳ ವೆಟ್
ಇಬ್ಬರ ಮಾತಿನಲ್ಲೂ ಸತ್ಯ ಇದೆ. ರೋಗದ ದೃಷ್ಟಿಯಿಂದ ತಂತಿ ನೆಲ ಒಳ್ಳೆಯದು, ಹಿಕ್ಕೆ ಕೆಳಗೆ ಬೀಳುತ್ತದೆ. ಪಾದದ ದೃಷ್ಟಿಯಿಂದ ಅಲ್ಲ. ಭಾರದ ಮೊಲಗಳಿಗೆ ಹಿಂಗಾಲಿನ ಅಡಿ ಹುಣ್ಣಾಗುತ್ತದೆ. ಪ್ರತಿ ಗೂಡಿನಲ್ಲಿ ಒಂದು ಹಲಗೆ ಇಡಿ, ಮೊಲ ಪೂರ್ತಿ ಮೈ ಚಾಚಿ ಮಲಗುವಷ್ಟು. ಗೂಡಿಗೆ ಎರಡರಂತೆ ಹಲಗೆ ಇದ್ದರೆ ಒಂದನ್ನು ತೊಳೆದು ಬಿಸಿಲಿಗೆ ಹಾಕಿ ಇನ್ನೊಂದನ್ನು ಇಡಬಹುದು. ಜಾಗ ಇದ್ದರೆ ಗೂಡು ದೊಡ್ಡದು ಮಾಡಿ. ಕೋಲಾರದವರು ಹೇಳಿದ್ದು ಕನಿಷ್ಠ ಅಳತೆ, ಅದಕ್ಕಿಂತ ದೊಡ್ಡದು ಮಾಡಿದರೆ ನಷ್ಟ ಏನಿಲ್ಲ.

ಎರಡು ಮೊಲದ ಮನೆ
ಹಲಗೆ ಇಟ್ಟರೆ ನನಗೂ ಸಮಾಧಾನ.

ಶಿರಸಿ ಸೋಗೆ
ಶೀಟು, ಶೇಡ್ ನೆಟ್ ಮಾತ್ರ ನಂಬಬೇಡಿ. ನಿಮ್ಮ ತೋಟದಲ್ಲೇ ತೆಂಗಿನ ಗರಿ ಇದೆಯಲ್ಲ. ಹೆಣೆದು ಗೂಡಿನ ಪಶ್ಚಿಮದ ಕಡೆ ನಿಲ್ಲಿಸಿ. ಸಂಜೆ ಇಳಿಬಿಸಿಲು ಅಡ್ಡಡ್ಡ ಬರುತ್ತದೆ, ಮರದ ನೆರಳು ಅದನ್ನು ತಡೆಯಲ್ಲ. ಮಧ್ಯಾಹ್ನ ಆ ಗರಿಗೆ, ಇಲ್ಲ ಗೋಣಿಚೀಲಕ್ಕೆ ನೀರು ಚಿಮುಕಿಸಿ. ಮೊಲದ ಮೈ ಮೇಲೆ ಮಾತ್ರ ಬೇಡ. ಗಾಳಿ ಆಡದ ಕಡೆ ಒದ್ದೆ ಚೀಲ ಕಟ್ಟಿದರೆ ಸೆಕೆ ಇನ್ನೂ ಜಾಸ್ತಿ ಆಗುತ್ತದೆ, ಅದನ್ನೂ ನೋಡಿಕೊಳ್ಳಿ.

ಏಪ್ರಿಲ್‌, ಮೇನಲ್ಲಿ ಒಮ್ಮೆಲೇ ಗಾಳಿ ಮಳೆ ಬರುತ್ತದೆ. ಗೂಡಿನ ಮೇಲೆ ಒಂದು ತಗಡಿನ ಮಾಡು, ಅದರ ಮೇಲೆ ಗರಿ ಹೊದಿಕೆ ಇರಲೇಬೇಕು. ನೆನೆದ ಮೊಲಕ್ಕೆ ಶೀತ ಬಂದರೆ ಇಡೀ ಸಾಲಿಗೆ ಹರಡುತ್ತದೆ.

ಹೆಬ್ಬಾಳ ವೆಟ್
ಇನ್ನೊಂದು ಉಪಾಯ. ನೀರಿನ ಬಾಟಲಿ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ ಮಧ್ಯಾಹ್ನ ಗೂಡಿನಲ್ಲಿ ಇಟ್ಟರೆ ಮೊಲ ತಾನಾಗಿ ಅದಕ್ಕೆ ಒರಗಿ ಮಲಗುತ್ತದೆ. ಬಾಯಿ ತೆಗೆದು ಉಸಿರಾಡುವುದು, ಮೂಗು ಬಾಯಿ ಒದ್ದೆ, ಕಿವಿ ಸುಡುವಷ್ಟು ಬಿಸಿ, ಕಾಲು ಚಾಚಿ ಏಳದೆ ಬಿದ್ದಿರುವುದು, ಇವು ಬಿಸಿಲು ಬಡಿದ ಲಕ್ಷಣ. ತಕ್ಷಣ ತಂಪು ಜಾಗಕ್ಕೆ ಒಯ್ಯಿರಿ. ಕಿವಿಗೆ ತಣ್ಣೀರು ಸವರಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ.

ಗಂಡು ಮೊಲಗಳಿಗೆ ಗೂಡುಗಳಲ್ಲೇ ತಂಪಾದ ತುದಿ ಕೊಡಿ. ಬಿಸಿಲಿನ ಏಟು ಬಿದ್ದರೆ ವೀರ್ಯ ಕೆಡುತ್ತದೆ. ಮತ್ತೆ ಸರಿಹೋಗಲು ಒಂದೂವರೆ, ಎರಡು ತಿಂಗಳು ಬೇಕು. ಬೇಸಿಗೆಯಲ್ಲಿ ಕ್ರಾಸ್ ನಿಲ್ಲಲಿಲ್ಲ ಅಂತ ಹೆಣ್ಣನ್ನು ಬೈಯುವವರು ಜಾಸ್ತಿ. ಎಷ್ಟೋ ಸಲ ಕಾರಣ ಗಂಡಿನಲ್ಲಿರುತ್ತದೆ. ನಿಮ್ಮದು ತಾತ್ಕಾಲಿಕ ಜಾಗ, ಅದರ ಮೇಲೆ ಸೆಕೆ. ಮಳೆ ಬರುವವರೆಗೆ ಹೊಸ ಕ್ರಾಸ್ ಬೇಡ ಅಂತ ನನ್ನ ಸಲಹೆ.

ಕನಕಪುರ ರೇಷ್ಮೆ
ಮೇವಿನ ಬಗ್ಗೆ ಯಾರೂ ಹೇಳಲಿಲ್ಲ. ಜಾಗ ಬದಲಾದಾಗ ಮೊಲ ಸಾಯೋದು ಹೆಚ್ಚಾಗಿ ದಾರಿಯಲ್ಲಲ್ಲ, ಬಂದ ಮೇಲೆ. ಹಳೆ ಶೆಡ್ಡಿನಲ್ಲಿ ಹಾಕುತ್ತಿದ್ದ ಪೆಲೆಟ್ (ಗುಳಿಗೆ ಆಹಾರ) ಎರಡು ವಾರಕ್ಕಾಗುವಷ್ಟು ಗಾಡಿಯಲ್ಲೇ ತನ್ನಿ. ಮೊದಲ ಕೆಲವು ದಿನ ಅದನ್ನೇ ಹಾಕಿ. ಆಮೇಲೆ ಹೊಸದನ್ನು ಕಾಲು ಭಾಗ, ಅರ್ಧ, ಮುಕ್ಕಾಲು ಅಂತ ಬೆರೆಸುತ್ತಾ ಹತ್ತು ದಿನದಲ್ಲಿ ಬದಲಾಯಿಸಿ. ಊರಿಗೆ ಬಂದ ಖುಷಿಗೆ ಮನೆಯವರೆಲ್ಲ ಹೊರೆ ಹೊರೆ ಹಸಿ ಸೊಪ್ಪು ಹಾಕುತ್ತಾರೆ. ಅಲ್ಲೇ ಹೊಟ್ಟೆ ಉಬ್ಬರ ಶುರು.

ಸೊಪ್ಪನ್ನು ಹಿಂದಿನ ದಿನ ಕೊಯ್ದು ನೆರಳಲ್ಲಿ ಬಾಡಿಸಿ ಹಾಕಿ. ಕುದುರೆ ಮಸಾಲೆ (ಲೂಸರ್ನ್ ಮೇವು), ಹಲಸಂದೆ ಸೊಪ್ಪು, ನುಗ್ಗೆ, ಗರಿಕೆ ಎಲ್ಲ ಆಗುತ್ತದೆ. ಹಿಪ್ಪುನೇರಳೆ ಸೊಪ್ಪು ಬಲು ಇಷ್ಟ. ಔಷಧಿ ಹೊಡೆದ ತೋಟದ್ದಾದರೆ ಹುಳುವಿಗೆ ಹಾಕಬಹುದು ಅನ್ನುವ ದಿನದವರೆಗೆ ಮೊಲಕ್ಕೂ ಬೇಡ. ಕಣಗಿಲೆ, ಲಂಟಾನ, ಉಮ್ಮತ್ತಿ, ಪಾರ್ಥೇನಿಯಂ ಮೇವಿನ ಜೊತೆ ಸೇರಿ ಬರದ ಹಾಗೆ ನೋಡಿಕೊಳ್ಳಿ. ರಾಗಿ ಹುಲ್ಲು ಗೂಡಿನಲ್ಲಿ ಯಾವಾಗಲೂ ಇರಲಿ. ಬೂಷ್ಟು ಹಿಡಿದದ್ದಾದರೆ ಬೇಡ.

ಗುಬ್ಬಿ ಹೊಸಬ
ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಹೊಲದಲ್ಲಿ ಹುರುಳಿ ಕೀಳುವಾಗ ಕಾಡುಮೊಲದ ಮರಿ ಸಿಕ್ಕಿದೆ. ತಾಯಿ ಕಾಣಲಿಲ್ಲ. ಮಕ್ಕಳು ಮನೆಗೆ ತಂದಿದ್ದಾರೆ. ತಿಪಟೂರಿನವರ ಹಾಲು ಕೊಡುವ ಮೊಲದ ಜೊತೆ ಬಿಟ್ಟರೆ ಬದುಕುತ್ತದಾ?

ಹೆಬ್ಬಾಳ ವೆಟ್
ದಯವಿಟ್ಟು ಈಗಲೇ ಸಿಕ್ಕಿದ ಜಾಗದಲ್ಲೇ ವಾಪಸ್ ಇಡಿ. ಕಾಡುಮೊಲದ ತಾಯಿ ಹಗಲು ಮರಿ ಹತ್ತಿರ ಇರುವುದಿಲ್ಲ. ಹೊತ್ತು ಮುಳುಗಿದ ಮೇಲೆ ಬಂದು ಹಾಲು ಕೊಟ್ಟು ಹೋಗುತ್ತದೆ. ನಿಮ್ಮ ಮರಿ ಅನಾಥ ಆಗಿರಲಿಕ್ಕಿಲ್ಲ. ನಾವು ಸಾಕುವ ಮೊಲ ಯುರೋಪಿನ ಮೂಲದ್ದು, ಕಾಡುಮೊಲವೇ ಬೇರೆ ಜಾತಿ. ಎರಡೂ ಕೂಡಿ ಮರಿ ಮಾಡುವುದೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಮೊಲಕ್ಕೆ ರಕ್ಷಣೆ ಇದೆ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಗಾಯ ಆಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಗುಬ್ಬಿ ಹೊಸಬ
ಸರಿ ಮೇಡಂ, ಈಗಲೇ ಇಟ್ಟು ಬರುತ್ತೇವೆ.

ತಿಪಟೂರು ತೋಟ
ಮೊಲಗಳು ಬಂದವು! ಎಲ್ಲವೂ ಜೀವಂತ. 24 ದಿನದ ಗಬ್ಬದ್ದನ್ನು ಗೆಳೆಯನ ಮನೆಯಲ್ಲೇ ಬಿಟ್ಟಿದ್ದೇನೆ. ಮರಿಗಳ ತಾಯಿ ಬಂದ ಸಂಜೆಯೇ ಪೆಟ್ಟಿಗೆಗೆ ಇಳಿದು ಹಾಲು ಕೊಟ್ಟಿತು. ನಮ್ಮ ಅಮ್ಮ ಗೂಡಿನ ಮುಂದಿನಿಂದ ಏಳುತ್ತಲೇ ಇಲ್ಲ.

ಒಂದು ಚಿಂತೆ. ಒಂದು ಚಿಂಚಿಲ್ಲಾ ಗಂಡು ನಿನ್ನೆ ರಾತ್ರಿಯಿಂದ ಏನೂ ಮುಟ್ಟಿಲ್ಲ. ಹಿಕ್ಕೆಯೂ ತುಂಬಾ ಸಣ್ಣ, ಕಡಿಮೆ. ಇನ್ನೊಂದು ಹೆಣ್ಣು ತನ್ನ ಹಿಂಭಾಗಕ್ಕೆ ಬಾಯಿ ಹಾಕಿ ಮೆತ್ತಗಿನ ಹಿಕ್ಕೆ ತಿನ್ನುತ್ತಿತ್ತು. ಅದಕ್ಕೂ ರೋಗವಾ?

ಹೆಬ್ಬಾಳ ವೆಟ್
ಹೆಣ್ಣಿನದು ರೋಗ ಅಲ್ಲ. ಮೊಲ ಮೆತ್ತಗಿನ ಹಿಕ್ಕೆಯನ್ನು ಮತ್ತೆ ತಿನ್ನಲೇಬೇಕು, ಅದರಿಂದಲೇ ಬಿ ವಿಟಮಿನ್ ಸಿಗುತ್ತದೆ. ಬಿಟ್ಟುಬಿಡಿ.

ಗಂಡಿನದು ತುರ್ತು. ಮೊಲ 12 ಗಂಟೆ ತಿನ್ನದಿದ್ದರೆ ಕಾಯುವ ಹಾಗಿಲ್ಲ. ಹೊಟ್ಟೆ ಮುಟ್ಟಿ ನೋಡಿ. ತಮಟೆಯಂತೆ ಬಿಗಿಯಾಗಿ ಉಬ್ಬಿದ್ದರೆ ಬಾಯಿಗೆ ಏನನ್ನೂ ಹಾಕದೆ ನೇರ ತಿಪಟೂರಿನ ಪಶು ಆಸ್ಪತ್ರೆಗೆ ಒಯ್ಯಿರಿ. ಮೆತ್ತಗಿದ್ದರೆ ಹಳೆ ಪೆಲೆಟ್ ನೀರಿನಲ್ಲಿ ನೆನೆಸಿ ಪೇಸ್ಟ್ ಮಾಡಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಕೊಡಿ. ಇದನ್ನು ಮಾಡಿಕೊಂಡೇ ಇವತ್ತೇ ವೈದ್ಯರಿಗೆ ತೋರಿಸಿ.

ಎಲ್ಲರೂ ದಯವಿಟ್ಟು ನೆನಪಿಡಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆಯನ್ನು ಮೊಲದ ಬಾಯಿಗೆ ಹಾಕಬೇಡಿ. ಕರುಳಿನ ಒಳ್ಳೆಯ ಸೂಕ್ಷ್ಮಜೀವಿ ಸತ್ತು ಮೊಲವೇ ಸಾಯುತ್ತದೆ. ನಾಯಿಯ ಉಣ್ಣೆಗೆ ಹಾಕುವ ಫಿಪ್ರೊನಿಲ್ ಕೂಡ ಮೊಲಕ್ಕೆ ವಿಷ.

ತಿಪಟೂರು ತೋಟ
ಹೊಟ್ಟೆ ಮೆತ್ತಗಿತ್ತು. ಆಸ್ಪತ್ರೆಗೂ ಹೋಗಿ ಬಂದೆ. ಡಾಕ್ಟರ್ ಇಂಜೆಕ್ಷನ್ ಕೊಟ್ಟರು, ಪೇಸ್ಟ್ ಮುಂದುವರಿಸಿ ಅಂದರು. ಸಂಜೆ ಹಿಕ್ಕೆ ಹಾಕಿತು. ಬೆಳಿಗ್ಗೆ ಗರಿಕೆ ತಾನೇ ಎಳೆದು ತಿಂದಿತು.

ಶಿರಸಿ ಸೋಗೆ
ತುಂಬಾ ಸಂತೋಷ ಆಯ್ತು. ಇರುವೆ, ಹಾವಿನ ಕಡೆ ಗಮನ ಇರಲಿ. ಮರಿ ಪೆಟ್ಟಿಗೆಗೆ ಕೆಂಪಿರುವೆ ಹತ್ತಿದರೆ ಒಂದೇ ರಾತ್ರಿಯಲ್ಲಿ ಮುಗಿಸುತ್ತವೆ. ಬ್ಲಾಕ್ ಕೆಳಗೆ ಒಂದೊಂದು ತಟ್ಟೆ ಇಟ್ಟು ನೀರು ತುಂಬಿ. ಕೇರೆ ಹಾವು ಒಂದಿಂಚಿನ ಕಣ್ಣಿನಲ್ಲೂ ನುಗ್ಗಬಹುದು, ಮರಿ ಇರುವ ಗೂಡಿಗೆ ಸುತ್ತಲೂ ಅರ್ಧ ಇಂಚಿನ ಜಾಲರಿ ಹಾಕಿ.

ಕೋಲಾರದ ಸಾಕಣೆದಾರ
ಹಿಕ್ಕೆಯನ್ನು ಗೂಡಿನ ಕೆಳಗೇ ರಾಶಿ ಬಿಡಬೇಡಿ. ಉಚ್ಚೆ ಸೇರಿ ಅಮೋನಿಯಾ ಏಳುತ್ತದೆ, ಮೊಲದ ಕಣ್ಣಲ್ಲಿ ನೀರು ಬರುತ್ತದೆ. ನಿಮಗೆ ವಾಸನೆ ಮೂಗಿಗೆ ಹೊಡೆಯುವ ಮುಂಚೆ ಗುಡಿಸಬೇಕು. ತೆಂಗಿನ ಬುಡಕ್ಕೆ ಒಳ್ಳೆ ಗೊಬ್ಬರ.

ಹುಳಿಯಾರು ಕೊಬ್ಬರಿ
ಬುಡಕ್ಕೆ ಹಾಕುವುದಾದರೆ ತೆಳುವಾಗಿ ಹರಡಿ ಮಣ್ಣು ಮುಚ್ಚಿ. ತೋಟದಲ್ಲಿ ಗುಂಡಿ ತೋಡಿ ಕೂಡಿಡಬೇಡಿ. ಕುರುವಾಯಿ ದುಂಬಿ ಮೊಟ್ಟೆ ಇಡೋದೇ ಗೊಬ್ಬರದ ಗುಂಡಿಯಲ್ಲಿ, ಆಮೇಲೆ ಸುಳಿ ಕೊರೆಯುತ್ತದೆ. ಕೂಡಿಡಲೇಬೇಕಾದರೆ ಆಗಾಗ ತಿರುವಿ ಹಾಕಿ, ಕಂಡ ಹುಳು ಆರಿಸಿ ತೆಗೆಯಿರಿ.

ತಿಪಟೂರು ತೋಟ
ಇದು ನನಗೆ ಹೊಳೆದೇ ಇರಲಿಲ್ಲ ಅಣ್ಣಾ, ಒಳ್ಳೆ ಮಾತು ಹೇಳಿದ್ರಿ. ಡಾಕ್ಟ್ರೇ, ಇನ್ನೊಂದು ಪ್ರಶ್ನೆ. ಪಕ್ಕದ ಊರಿನವರು ಎರಡು ಹೆಣ್ಣು ಮೊಲ ಕೊಡುತ್ತೇನೆ ಅನ್ನುತ್ತಿದ್ದಾರೆ. ಇದೇ ಸಾಲಿಗೆ ಸೇರಿಸಬಹುದಾ?

ಹೆಬ್ಬಾಳ ವೆಟ್
ಈಗ ಬೇಡ. ತರಲೇಬೇಕಾದರೆ ನಿಮ್ಮ ಖಾಲಿ ಕೊಟ್ಟಿಗೆಯ ತಂಪು ಮೂಲೆಯಲ್ಲಿ ಒಂದು ತಿಂಗಳು ಬೇರೆ ಇಡಿ, ಶೀಟಿನ ಮೇಲೆ ದಪ್ಪಗೆ ಗರಿ ಹೊದಿಸಿ. ಮೂಗು ಸೋರುವುದು, ಕಿವಿಯೊಳಗೆ, ಮೂಗಿನ ತುದಿಯಲ್ಲಿ ಕಜ್ಜಿ ಹಕ್ಕಳೆ, ಬೇಧಿ, ಇವಿಷ್ಟು ನೋಡಿಕೊಳ್ಳಿ. ದಿನಾ ನಿಮ್ಮ ಹಳೆ ಮೊಲಗಳ ಕೆಲಸ ಮುಗಿಸಿ ಕೊನೆಗೆ ಅವುಗಳ ಹತ್ತಿರ ಹೋಗಿ. ಅವುಗಳ ಬಟ್ಟಲು, ಪೊರಕೆ ಬೇರೆಯೇ ಇರಲಿ.